ಗೋಸಿಯಾ: ಆರು ವರ್ಷ ಬಳಸಿದ ಮೇಲೆ ಬರೀತಿರೋ ರಿವ್ಯೂ

ಕೂಲೆಕ್ಸ್, ಅಂದ್ರೆ ಪರಮಾಣುವಿನ ನ್ಯೂಕ್ಲಿಯಸ್ಸನ್ನ ಮುಟ್ಟದೆ ಅಲ್ಲಾಡಿಸಿ ನೋಡೋ ಪ್ರಯೋಗ, ಮಾಡೋರಿಗೆ ಗೋಸಿಯಾ ಅಂದ್ರೆ ಏನಂತ ಗೊತ್ತೇ ಇರುತ್ತೆ. ಹೊಸಬ್ರಿಗೆ ಮಾತ್ರ ಹೇಳ್ಬಿಡ್ತೀನಿ, ಇದು ಒಂದು ಫೋರ್ಟ್ರಾನ್ ಪ್ರೋಗ್ರಾಮ್, ದುಡ್ಡು ಕೊಡ್ಬೇಕಾಗಿಲ್ಲ, ಸೋರ್ಸ್ ಕೋಡ್ ಇಳಿಸ್ಕೊಂಡು ಕಂಪೈಲ್ ಮಾಡ್ಕೊಂಡ್ರೆ ಆಯ್ತು. ಒಂದು ನ್ಯೂಕ್ಲಿಯಸ್ ಇನ್ನೊಂದರ ಪಕ್ಕದಲ್ಲಿ ಹಾದು ಹೋದಾಗ ಎದ್ದ ಗಾಮಾ ಕಿರಣಗಳನ್ನ ಎಣಿಸಿ ಇದರ ಕೈಗೆ ಕೊಟ್ರೆ, ಆ ನ್ಯೂಕ್ಲಿಯಸ್ ಒಳಗಿನ ಎಲೆಕ್ಟ್ರೋಮ್ಯಾಗ್ನೆಟಿಕ್ ಮ್ಯಾಟ್ರಿಕ್ಸ್ ಎಲಿಮೆಂಟ್‌ಗಳನ್ನ, ಅಂದ್ರೆ ಅದು ದುಂಡಗಿದೆಯಾ ಉದ್ದಕ್ಕಿದೆಯಾ ಚಪ್ಪಟೆಯಾಗಿದೆಯಾ ಅನ್ನೋದಕ್ಕೆ ಬೇಕಾದ ನಂಬರ್‌ಗಳನ್ನ, ಎರರ್ ಸಮೇತ ವಾಪಸ್ ಕೊಡುತ್ತೆ. ಇದರ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬಳಸಿದವರೇ ಬರ್ದಿದ್ದನ್ನ ನಾನಂತೂ ಓದಿಲ್ಲ, ಅದಕ್ಕೆ ನಾನೇ ಕೂತೆ. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಈ ಪ್ರೋಗ್ರಾಮ್ ಬಗ್ಗೆ ನನಗೆ ಹೇಳೋದು ತುಂಬಾ ಇದೆ.

ಮೊದ್ಲು ಟೆಕ್ನಿಕ್ ಬಗ್ಗೆ ಎರಡು ಮಾತು, ಅದು ಗೊತ್ತಿಲ್ದೆ ಪ್ರೋಗ್ರಾಮ್‌ಗೆ ಮಾರ್ಕ್ಸ್ ಕೊಡೋಕೆ ಆಗಲ್ಲ. ಎರಡು ನ್ಯೂಕ್ಲಿಯಸ್‌ಗೂ ಪಾಸಿಟಿವ್ ಚಾರ್ಜ್, ಹತ್ತಿರ ಬಂದಷ್ಟೂ ಒಂದನ್ನೊಂದು ತಳ್ತವೆ. ಒಂದನ್ನ ಧಾರೆಯಾಗಿ ಓಡಿಸ್ತೀವಿ, ಅದು ಬೀಮ್, ಇನ್ನೊಂದನ್ನ ಎದುರಿಗೆ ಇಡ್ತೀವಿ, ಅದು ಟಾರ್ಗೆಟ್. ಬೀಮ್ ಎನರ್ಜಿ ಸ್ವಲ್ಪ ಕಮ್ಮಿ ಇಟ್ರೆ ಅವು ಮುಟ್ಟೋದೇ ಇಲ್ಲ, ಮುಟ್ಟೋಕೆ ಮುಂಚೆನೇ ತಿರುಗಿ ಹೋಗ್ತವೆ. ಆದ್ರೆ ಆ ಒಂದು ಕ್ಷಣದಲ್ಲಿ ಎಲೆಕ್ಟ್ರಿಕ್ ಫೀಲ್ಡ್ ಜೋರಾಗಿ ಏರಿ ಇಳಿಯುತ್ತಲ್ಲ, ಅದು ನ್ಯೂಕ್ಲಿಯಸ್ಸನ್ನ ಅಲ್ಲಾಡಿಸುತ್ತೆ, ಅದು ಮೇಲಿನ ಲೆವೆಲ್‌ಗೆ ಹೋಗುತ್ತೆ, ಆಮೇಲೆ ಗಾಮಾ ಬಿಟ್ಟು ಕೆಳಗೆ ಇಳಿಯುತ್ತೆ. ಇದೇ ಕೂಲಂಬ್ ಎಕ್ಸೈಟೇಶನ್, ನಾವು ಬಾಯಲ್ಲಿ ಕೂಲೆಕ್ಸ್ ಅಂತೀವಿ. ನ್ಯೂಕ್ಲಿಯರ್ ಫೋರ್ಸ್ ಮಧ್ಯ ಬರ್ಲೇ ಇಲ್ಲ ಅನ್ನೋದೇ ಇದರ ದೊಡ್ಡ ಲಾಭ. ನ್ಯೂಕ್ಲಿಯರ್ ಫೋರ್ಸ್ ಬಂತು ಅಂದ್ರೆ ಯಾವುದಾದ್ರೂ ಮಾಡೆಲ್ ಹಿಡ್ಕೋಬೇಕು, ಎಲೆಕ್ಟ್ರೋಮ್ಯಾಗ್ನೆಟಿಕ್ ಫೋರ್ಸ್ ಆದ್ರೆ ಅದರ ನಿಯಮ ನಮಗೆ ಪೂರ್ತಿ ಗೊತ್ತು. ಹಾಗಾಗಿ ಉತ್ತರದಲ್ಲಿ ಗೊತ್ತಿಲ್ದೆ ಇರೋದು ನ್ಯೂಕ್ಲಿಯಸ್ ಮಾತ್ರ.

ಮುಟ್ಟಬಾರದು ಅಂದ್ರೆ ಎಷ್ಟು ದೂರ? ರೂಢಿಯಲ್ಲಿರೋ ನಿಯಮ ಏನಂದ್ರೆ ಎರಡರ ಮೇಲ್ಮೈ ಮಧ್ಯ ಕಮ್ಮಿ ಅಂದ್ರೂ 5 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಅಂದ್ರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು) ಜಾಗ ಇರ್ಬೇಕು. ನಿಕಲ್-60 ಬೀಮನ್ನ ಲೆಡ್-208 ಟಾರ್ಗೆಟ್ ಮೇಲೆ ಬಿಟ್ರೆ ಲೆಕ್ಕ ಹೀಗೆ: ತ್ರಿಜ್ಯಗಳಿಗೆ 1.25 ಗುಣಿಸು ಮಾಸ್ ನಂಬರಿನ ಘನಮೂಲ ತಗೊಂಡು ಎರಡನ್ನೂ ಕೂಡಿದ್ರೆ 12.3 ಫೆಮ್ಟೋಮೀಟರ್, ಅದಕ್ಕೆ 5 ಸೇರಿಸಿದ್ರೆ 17.3. ನೇರ ಎದುರಿಗೆ ಹೋಗಿ ವಾಪಸ್ ಬರೋ ನಿಕಲ್ ಅಷ್ಟು ದೂರದಲ್ಲಿ ನಿಲ್ಬೇಕು ಅಂದ್ರೆ ಬೀಮ್ ಎನರ್ಜಿ ಸುಮಾರು 246 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ದಾಟಬಾರದು, ನ್ಯೂಕ್ಲಿಯಾನ್, ಅಂದ್ರೆ ಪ್ರೋಟಾನ್ ಇಲ್ಲಾ ನ್ಯೂಟ್ರಾನ್, ಒಂದಕ್ಕೆ 4.1 ಎಂಇವಿ ಆಯ್ತು. ಆ ಎನರ್ಜಿಯಲ್ಲಿ ನಿಕಲ್ ಬೆಳಕಿನ ವೇಗದ ಶೇಕಡಾ 9ರಷ್ಟು ವೇಗದಲ್ಲಿ ಓಡ್ತಿರುತ್ತೆ, ಆದ್ರೂ ಅದರ ದಾರಿಯನ್ನ ಹಳೇ ಕ್ಲಾಸಿಕಲ್ ರದರ್‌ಫೋರ್ಡ್ ಹೈಪರ್ಬೋಲಾ ಅಂತ್ಲೇ ತಗೋಬಹುದು, ಯಾಕಂದ್ರೆ ಸಾಮರ್‌ಫೆಲ್ಡ್ ಪ್ಯಾರಾಮೀಟರ್, ಅಂದ್ರೆ ಆ ವೇಗಕ್ಕೆ ಹೋಲಿಸಿದ್ರೆ ತಳ್ಳಾಟ ಎಷ್ಟು ಜೋರು ಅನ್ನೋ ನಂಬರ್, ಇಲ್ಲಿ 170ರ ಮೇಲಿದೆ, ಅದು 1ಕ್ಕಿಂತ ತುಂಬಾ ದೊಡ್ಡದಿದ್ರೆ ಸಾಕು. ಗೋಸಿಯಾ ಮಾಡೋದೂ ಅದನ್ನೇ, ದಾರಿ ಕ್ಲಾಸಿಕಲ್, ಒಳಗಿನ ಲೆವೆಲ್‌ಗಳ ಜಿಗಿತ ಕ್ವಾಂಟಂ. ಈ ಐದು ಫೆಮ್ಟೋಮೀಟರ್ ಲೆಕ್ಕ ಮಾತ್ರ ಗೋಸಿಯಾ ನಿಮಗೋಸ್ಕರ ಕಾಯ್ಕೊಂಡು ಕೂರುತ್ತೆ ಅಂತ ನಂಬ್ಕೋಬೇಡಿ, ನೀವೇ ಮಾಡ್ಕೊಂಡು ಬರ್ಬೇಕು. ಎನರ್ಜಿ ಜಾಸ್ತಿ ಇಟ್ಕೊಂಡು ಬೀಮ್ ಟೈಮ್ ಮುಗಿಸಿ ಬಂದ್ರೆ ಆಮೇಲೆ ಯಾವ ಪ್ರೋಗ್ರಾಮೂ ಅದನ್ನ ಸರಿ ಮಾಡಲ್ಲ.

ಇತಿಹಾಸ ಚಿಕ್ಕದಾಗಿ. 1953ರಲ್ಲಿ ಕೋಪನ್‌ಹೇಗನ್‌ನಲ್ಲಿ ಹೂಸ್ ಮತ್ತೆ ಜುಪಾಂಚಿಚ್, ಅಮೆರಿಕದಲ್ಲಿ ಮ್ಯಾಕ್ಲೆಲಂಡ್ ಮತ್ತೆ ಗುಡ್‌ಮನ್, ಇವ್ರು ಕೂಲೆಕ್ಸ್ ಅನ್ನ ಕಣ್ಣಾರೆ ತೋರಿಸಿದ್ರು. 1956ರಲ್ಲಿ ಆಲ್ಡರ್, ಬೋರ್, ಹೂಸ್, ಮಾಟಲ್ಸನ್, ವಿಂಟರ್ ಸೇರ್ಕೊಂಡು ಬರ್ದ ದೊಡ್ಡ ಪೇಪರ್ ಇವತ್ತಿಗೂ ನಮ್ಮ ಪಂಚಾಂಗ, ಅನುಮಾನ ಬಂದ್ರೆ ಅದನ್ನೇ ತೆಗೀತೀವಿ. ಇಲ್ಲಿ ಬೋರ್ ಅಂದ್ರೆ ನೀಲ್ಸ್ ಬೋರ್ ಅವ್ರ ಮಗ ಓಗೆ ಬೋರ್, 1975ರಲ್ಲಿ ಮಾಟಲ್ಸನ್ ಮತ್ತೆ ರೇನ್‌ವಾಟರ್ ಜೊತೆ ನೊಬೆಲ್ ತಗೊಂಡವ್ರು. 1960ರ ದಶಕದಲ್ಲಿ ವಿಂಟರ್ ಮತ್ತೆ ಡಿ ಬೂರ್ ಕೂಲೆಕ್ಸ್ ಅನ್ನೋ ಹೆಸರಲ್ಲೇ ಒಂದು ಪ್ರೋಗ್ರಾಮ್ ಬರೆದ್ರು, ಮ್ಯಾಟ್ರಿಕ್ಸ್ ಎಲಿಮೆಂಟ್ ಕೊಟ್ರೆ ಎಷ್ಟು ಎಕ್ಸೈಟ್ ಆಗುತ್ತೆ ಅಂತ ಅದು ಹೇಳ್ತಿತ್ತು. ಉಲ್ಟಾ ದಾರಿ, ಅಂದ್ರೆ ಎಣಿಸಿದ ಗಾಮಾದಿಂದ ಮ್ಯಾಟ್ರಿಕ್ಸ್ ಎಲಿಮೆಂಟ್‌ಗೆ ಹೋಗೋದು, ಅದಕ್ಕೆ 1980ರಲ್ಲಿ ರೋಚೆಸ್ಟರ್ ಯೂನಿವರ್ಸಿಟಿಯಲ್ಲಿ ಚೊಸ್ನಿಕಾ, ಕ್ಲೈನ್ ಮತ್ತೆ ವು ಸೇರಿ ಗೋಸಿಯಾ ಮಾಡಿದ್ರು. ಹೆಸರು ಪೋಲಿಷ್, ಮಾಲ್ಗೊಜಾಟಾ ಅನ್ನೋ ಹೆಣ್ಣುಮಕ್ಕಳ ಹೆಸರನ್ನ ಮುದ್ದಿಗೆ ಕರ್ಯೋದು ಹಾಗೆ. ನಲವತ್ತು ವರ್ಷ ದಾಟಿದೆ, ಇನ್ನೂ ಅದೇ ಓಡ್ತಿದೆ.

ಈಗ ಬಳಕೆಗೆ ಬರೋಣ. ಮೊದಲ ವಾರ ಕಷ್ಟ, ಸುಳ್ಳು ಹೇಳಲ್ಲ. ಬಟನ್ ಇಲ್ಲ, ವಿಂಡೋ ಇಲ್ಲ, ಒಂದು ಟೆಕ್ಸ್ಟ್ ಫೈಲ್ ಬರೀಬೇಕು, ಅದರಲ್ಲಿ ಸಾಲು ಸಾಲು ನಂಬರ್, ಮಧ್ಯ ಮಧ್ಯ ಓಪಿ ಕಾಮಾ ಹಾಕಿ ನಾಲ್ಕಕ್ಷರದ ಕಮ್ಯಾಂಡ್. ಲೆವೆಲ್‌ಗಳ ಪಟ್ಟಿ ಮುಗೀತು ಅಂತ ಹೇಳೋಕೆ ಒಂದು ಸಾಲು ಪೂರ್ತಿ ಸೊನ್ನೆ ಹಾಕ್ಬೇಕು, ಮ್ಯಾಟ್ರಿಕ್ಸ್ ಎಲಿಮೆಂಟ್‌ಗಳ ಪಟ್ಟಿ ಮುಗಿಯೋಕೂ ಸೊನ್ನೆಗಳ ಸಾಲು, ಒಂದು ಸೊನ್ನೆ ಬಿಟ್ಟುಹೋದ್ರೆ ಅದು ಮುಂದಿನ ಸಾಲಿನ ನಂಬರನ್ನ ಎಳ್ಕೊಂಡು ಓದಿಬಿಡುತ್ತೆ, ಆಮೇಲೆ ಎಲ್ಲೋ ಇನ್ನೂರು ಸಾಲು ಕೆಳಗೆ ಹೋಗಿ ಬೀಳುತ್ತೆ, ಆಗ ಬರೋ ಮೆಸೇಜಿಗೂ ನಿಜವಾದ ತಪ್ಪಿಗೂ ಸಂಬಂಧನೇ ಇರಲ್ಲ. ಲೆವೆಲ್ ಮಧ್ಯದ ಜಿಗಿತದಲ್ಲಿ ಬಗೆಗಳಿವೆ, ಇ ಅಂದ್ರೆ ಎಲೆಕ್ಟ್ರಿಕ್, ಎಂ ಅಂದ್ರೆ ಮ್ಯಾಗ್ನೆಟಿಕ್; ಇ1ರಿಂದ ಇ6ವರೆಗೆ ಕೋಡ್ 1ರಿಂದ 6, ಎಂ1ಗೆ 7, ಎಂ2ಗೆ 8, ಇದನ್ನ ಒಂದು ಚೀಟಿಯಲ್ಲಿ ಬರ್ದು ಸ್ಕ್ರೀನ್ ಪಕ್ಕ ಅಂಟಿಸ್ಕೊಳ್ಳಿ, ನಾನು ಅಂಟಿಸಿದ್ದು ಇನ್ನೂ ಅಲ್ಲೇ ಇದೆ.

ಯೂನಿಟ್ ವಿಷಯ ಇನ್ನೊಂದು, ಹೊಸಬ್ರೆಲ್ಲ ಎಡವೋದು ಇಲ್ಲೇ. ಪೇಪರ್‌ಗಳಲ್ಲಿ ಬಿ-ಇ2 ಅಂತ, ಅಂದ್ರೆ ಇ2 ಜಿಗಿತ ಎಷ್ಟು ಜೋರು ಅನ್ನೋ ನಂಬರ್, ಕೊಟ್ಟಿರ್ತಾರೆ, ಗೋಸಿಯಾಗೆ ಬೇಕಾಗಿರೋದು ರೆಡ್ಯೂಸ್ಡ್ ಮ್ಯಾಟ್ರಿಕ್ಸ್ ಎಲಿಮೆಂಟ್, ಅದೂ ಬಾರ್ನ್ ಲೆಕ್ಕದಲ್ಲಿ, ಒಂದು ಬಾರ್ನ್ ಅಂದ್ರೆ 100 ಚದರ ಫೆಮ್ಟೋಮೀಟರ್. ಮೆಗ್ನೀಸಿಯಂ-32ರದ್ದನ್ನೇ ತಗೊಳ್ಳಿ, ಸ್ಪಿನ್ ಸೊನ್ನೆಯ ಲೆವೆಲಿನಿಂದ ಸ್ಪಿನ್ ಎರಡರ ಲೆವೆಲಿಗೆ ಹೋಗೋ ಬಿ-ಇ2 454 ಅಂತ ಜಪಾನಿನ ರಿಕೆನ್‌ನಲ್ಲಿ ಅಳೆದಿದ್ದು, ಇ ಸ್ಕ್ವೇರ್ಡ್ ಫೆಮ್ಟೋಮೀಟರ್ ನಾಲ್ಕನೇ ಘಾತದ ಲೆಕ್ಕ. ಅದನ್ನ ಹತ್ತು ಸಾವಿರದಿಂದ ಭಾಗಿಸಿದ್ರೆ 0.0454, ವರ್ಗಮೂಲ ತೆಗೆದ್ರೆ 0.213, ಇದು ಫೈಲಿಗೆ ಹಾಕೋ ನಂಬರ್. ಅದೇ ಯಾರಾದ್ರೂ ಎರಡರಿಂದ ಸೊನ್ನೆಗೆ ಇಳಿಯೋ ಬಿ-ಇ2 ಕೊಟ್ಟಿದ್ರೆ ಅದು ಐದು ಪಟ್ಟು ಚಿಕ್ಕದು, ವರ್ಗಮೂಲ ತೆಗೆಯೋಕೆ ಮುಂಚೆ 5 ಗುಣಿಸ್ಬೇಕು. ಈ ಐದರ ಗುಣಾಕಾರ ಮರೆತು ಎರಡು ದಿನ ಸ್ಪೆಕ್ಟ್ರಮ್ ಮೇಲೆ ಅನುಮಾನ ಪಟ್ಟ ಜೂನಿಯರ್‌ಗಳನ್ನ ನಾನು ನೋಡಿದೀನಿ, ಪಾಪ ಡಿಟೆಕ್ಟರ್ ಎಲ್ಲಾ ಸರಿಯಾಗೇ ಇತ್ತು.

ಎಕ್ಸ್‌ಪೆರಿಮೆಂಟ್ ವಿವರ ಕೊಡೋ ಸಾಲಿದೆಯಲ್ಲ, ಅದರಲ್ಲಿ ನನಗೇ ಪೆಟ್ಟು ಬಿತ್ತು. ಭಾರವಾದ ಬೀಮ್ ಹಗುರ ಟಾರ್ಗೆಟ್ ಮೇಲೆ ಬಿದ್ರೆ, ರೇಡಿಯೋಆಕ್ಟಿವ್ ಬೀಮ್‌ಗಳಲ್ಲಿ ಇದು ಸಾಮಾನ್ಯ, ಬೀಮ್ ಕಣ ಲ್ಯಾಬಿನಲ್ಲಿ ಒಂದು ಮಿತಿ ದಾಟಿ ತಿರುಗೋಕೆ ಆಗಲ್ಲ, ಒಂದೇ ಲ್ಯಾಬ್ ಕೋನಕ್ಕೆ ಎರಡು ಬೇರೆ ಬೇರೆ ಸೆಂಟರ್ ಆಫ್ ಮಾಸ್ ಕೋನ (ಎರಡೂ ಕಣದ ದ್ರವ್ಯರಾಶಿ ಕೇಂದ್ರದಿಂದ ನೋಡಿದ ಕೋನ) ಇರುತ್ತೆ. ಯಾವುದು ಬೇಕು ಅಂತ ಒಂದು ಫ್ಲ್ಯಾಗ್ ಇಟ್ಟು ಹೇಳ್ಬೇಕು, ಹಿಡಿದಿದ್ದು ಟಾರ್ಗೆಟ್ ಕಣ ಆಗಿದ್ರೆ ಕೋನಕ್ಕೆ ಮೈನಸ್ ಹಾಕ್ಬೇಕು. ನಾನು ಟಾರ್ಗೆಟ್ ಕಣದ ಡೇಟಾಗೆ ಆ ಮೈನಸ್ ಹಾಕಿರ್ಲಿಲ್ಲ. ಪ್ರೋಗ್ರಾಮ್ ಸುಮ್ನೆ ಓಡ್ತು, ನಂಬರ್ ಬಂತು, ಯೀಲ್ಡ್, ಅಂದ್ರೆ ಎಷ್ಟು ಗಾಮಾ ಬರುತ್ತೆ ಅನ್ನೋ ಲೆಕ್ಕ, ಮಾತ್ರ ಹಿಂದಿನ ಕೋನಗಳಲ್ಲಿ ಒಂದು ಕಡೆ ವಾಲ್ತಿತ್ತು. ಕೊನೆಗೆ ಪೆನ್ನು ಪೇಪರ್ ತಗೊಂಡು ಕೈನೆಮ್ಯಾಟಿಕ್ಸ್ ಗ್ರಾಫ್ ಕೈಯಲ್ಲೇ ಹಾಕಿದಾಗ್ಲೇ ಗೊತ್ತಾಗಿದ್ದು. ಅವತ್ತಿಂದ ಯಾವ ಹೊಸ ಇನ್‌ಪುಟ್ ಬರೀಬೇಕಾದ್ರೂ ಮೊದ್ಲು ಆ ಗ್ರಾಫ್ ಹಾಕ್ತೀನಿ, ನೀವೂ ಹಾಕಿ.

ಸರಿ, ಫೈಲ್ ಸರಿಯಾಯ್ತು ಅಂದ್ಕೊಳ್ಳಿ. ಮುಂದಿನದು ಒಂದು ಸರಣಿ ಕೆಲಸ. ಓಪಿ ಇಂಟಿ ಅನ್ನೋದು ಡಿಟೆಕ್ಟರಿನ ಅಗಲ, ಟಾರ್ಗೆಟ್ ದಪ್ಪ ಎಲ್ಲಾ ಸೇರಿಸಿ ಯೀಲ್ಡ್ ಇಂಟಿಗ್ರೇಟ್ ಮಾಡುತ್ತೆ, ಬೀಮ್ ಟಾರ್ಗೆಟ್ ಒಳಗೆ ಹೋಗ್ತಾ ಹೋಗ್ತಾ ಎನರ್ಜಿ ಕಳ್ಕೊಳ್ಳುತ್ತಲ್ಲ ಅದೂ ಲೆಕ್ಕಕ್ಕೆ ಬರುತ್ತೆ. ಓಪಿ ಕಾರ್ ಅದನ್ನ ಒಂದೇ ಎನರ್ಜಿ ಒಂದೇ ಕೋನದ ಯೀಲ್ಡ್ ಆಗಿ ಬದಲಾಯಿಸುತ್ತೆ, ಪ್ರತಿ ಸಲ ಇಂಟಿಗ್ರೇಟ್ ಮಾಡ್ತಾ ಕೂತ್ರೆ ಫಿಟ್ ಮುಗಿಯೋದೇ ಇಲ್ಲ ಅಂತ. ಓಪಿ ಮ್ಯಾಪ್ ವೇಗದ ಅಂದಾಜು ಲೆಕ್ಕಕ್ಕೆ ಬೇಕಾದ ಪಟ್ಟಿ ತಯಾರು ಮಾಡುತ್ತೆ. ಆಮೇಲೆ ಓಪಿ ಮಿನಿ, ಇದೇ ಕೈ-ಸ್ಕ್ವೇರ್, ಅಂದ್ರೆ ಲೆಕ್ಕಕ್ಕೂ ಡೇಟಾಗೂ ಎಷ್ಟು ವ್ಯತ್ಯಾಸ ಅನ್ನೋ ಅಳತೆ, ಇಳಿಸೋ ಹಂತ. 1980ರ ಕಂಪ್ಯೂಟರ್‌ನಲ್ಲಿ ಹತ್ತಾರು ಲೆವೆಲ್, ನೂರಾರು ಮ್ಯಾಟ್ರಿಕ್ಸ್ ಎಲಿಮೆಂಟ್ ಒಟ್ಟಿಗೆ ಫಿಟ್ ಮಾಡ್ಬೇಕಾಗಿತ್ತಲ್ಲ, ಆ ಒತ್ತಡದಲ್ಲಿ ಹುಟ್ಟಿದ ಉಪಾಯ ಇದೆಲ್ಲ, ಇವತ್ತಿನ ಲ್ಯಾಪ್‌ಟಾಪಿನಲ್ಲಿ ಒಂದು ಲೋಟ ನೀರು ಕುಡಿದು ಬರೋದ್ರೊಳಗೆ ಸುಮಾರು ಫಿಟ್‌ಗಳು ಮುಗಿದಿರುತ್ತೆ. ಇಷ್ಟೇ ಅಲ್ಲ, ಬೇರೆಯವ್ರು ಅಳೆದ ಲೈಫ್‌ಟೈಮ್, ಬ್ರ್ಯಾಂಚಿಂಗ್ ರೇಶಿಯೋ, ಮಿಕ್ಸಿಂಗ್ ರೇಶಿಯೋ ಇದ್ರೆ ಅವನ್ನೂ ಎರರ್ ಸಮೇತ ಜೊತೆಗೆ ಕೊಡಬಹುದು, ಅದು ಎಲ್ಲವನ್ನೂ ಒಂದೇ ಕೈ-ಸ್ಕ್ವೇರ್ ಒಳಗೆ ತೂಗುತ್ತೆ. ಎಕ್ಸೈಟ್ ಆದ ನ್ಯೂಕ್ಲಿಯಸ್ ವ್ಯಾಕ್ಯೂಮ್‌ನಲ್ಲಿ ಹಾರ್ತಾ ಇರ್ಬೇಕಾದ್ರೆ ಅದರ ಸುತ್ತ ಇರೋ ಎಲೆಕ್ಟ್ರಾನ್‌ಗಳ ಫೀಲ್ಡ್ ಅದರ ಸ್ಪಿನ್ ದಿಕ್ಕನ್ನ ಕಲಕಿಬಿಡುತ್ತೆ, ಅದರಿಂದ ಗಾಮಾ ಯಾವ ಕಡೆ ಎಷ್ಟು ಹೋಗುತ್ತೆ ಅನ್ನೋದು ಬದಲಾಗುತ್ತೆ, ಅಂಥ ಸಣ್ಣ ವಿಷಯಕ್ಕೂ ಒಳಗೆ ಲೆಕ್ಕ ಇದೆ. ಬರೆದವ್ರು ಎಷ್ಟು ಯೋಚನೆ ಮಾಡಿದ್ರು ಅಂತ ಪ್ರತಿ ಸಲ ಮ್ಯಾನ್ಯುಯಲ್ ತೆಗೆದಾಗ್ಲೂ ಮನಸ್ಸು ತುಂಬಿ ಬರುತ್ತೆ.

ಈಗ ಈ ರಿವ್ಯೂ ಬರ್ಯೋಕೆ ಕಾರಣವಾದ ವಿಷಯ. ಎರಡನೇ ವರ್ಷ, ಒಂದು ಈವನ್-ಈವನ್ ನ್ಯೂಕ್ಲಿಯಸ್, ಅಂದ್ರೆ ಪ್ರೋಟಾನ್ ನ್ಯೂಟ್ರಾನ್ ಎರಡೂ ಸಮಸಂಖ್ಯೆ; ಲೆವೆಲ್‌ಗಳನ್ನ ಸ್ಪಿನ್ ಮತ್ತೆ ಪ್ಯಾರಿಟಿ ಸೇರಿಸಿ ಕರೀತೀವಿ, ಕೆಳಗೆ ಸೊನ್ನೆ ಪ್ಲಸ್, ಮೇಲೆ ಎರಡು ಪ್ಲಸ್, ನಾಲ್ಕು ಪ್ಲಸ್, ಪಕ್ಕದಲ್ಲಿ ಎರಡನೇ ಎರಡು ಪ್ಲಸ್. ನಮಗೆ ಬೇಕಾಗಿದ್ದು ಮೊದಲ ಎರಡು ಪ್ಲಸ್‌ನ ಕ್ವಾಡ್ರುಪೋಲ್ ಮೊಮೆಂಟ್, ಅಂದ್ರೆ ಆಕಾರ ಉದ್ದಕ್ಕೋ ಚಪ್ಪಟೆಯೋ, ಎಷ್ಟು ಅನ್ನೋ ನಂಬರ್. ಇದನ್ನ ಅಳೆಯೋ ದಾರಿ ಬಲು ಚೆಂದ, ರೀಓರಿಯೆಂಟೇಶನ್ ಎಫೆಕ್ಟ್ ಅಂತಾರೆ: ನ್ಯೂಕ್ಲಿಯಸ್ ಎಕ್ಸೈಟ್ ಆದ ಮೇಲೂ ಎದುರಿನದ್ದು ಇನ್ನೂ ಪಕ್ಕದಲ್ಲೇ ಇರುತ್ತೆ, ಆ ಫೀಲ್ಡಿನಲ್ಲಿ ಎರಡು ಪ್ಲಸ್ ಸ್ಟೇಟಿನ ಮ್ಯಾಗ್ನೆಟಿಕ್ ಸಬ್‌ಸ್ಟೇಟ್‌ಗಳು ತಮ್ಮ ಆಕಾರಕ್ಕೆ ತಕ್ಕ ಹಾಗೆ ಸರಿದಾಡ್ತವೆ, ಅದರಿಂದ ಎಕ್ಸೈಟ್ ಆಗೋ ಪ್ರಮಾಣನೇ ಸ್ವಲ್ಪ ಏರುತ್ತೆ ಇಲ್ಲಾ ಇಳಿಯುತ್ತೆ. ನ್ಯಾನೋಸೆಕೆಂಡೂ ಬದುಕದ ಒಂದು ಸ್ಟೇಟಿನ ಆಕಾರ, ಅದೂ ಉದ್ದಕ್ಕಾ ಚಪ್ಪಟೆನಾ ಅನ್ನೋ ಸೈನ್ ಸಮೇತ, ಇದರಿಂದ ಸಿಗುತ್ತೆ. ಎಫೆಕ್ಟ್ ಚಿಕ್ಕದು, ಹಿಂದಕ್ಕೆ ಚಿಮ್ಮೋ ಕೋನಗಳಲ್ಲೇ ಜಾಸ್ತಿ ಕಾಣೋದು, ಅದಕ್ಕೆ ಡೇಟಾವನ್ನ ಕೋನದ ಪ್ರಕಾರ ಹೋಳು ಮಾಡ್ಬೇಕು.

ನಾನು ಎಲ್ಲಾ ಮ್ಯಾಟ್ರಿಕ್ಸ್ ಎಲಿಮೆಂಟಿಗೂ ಪ್ಲಸ್ ಸೈನ್ ಹಾಕಿ ಶುರು ಮಾಡ್ದೆ. ಮಿನಿ ಓಡ್ತು, ಕೈ-ಸ್ಕ್ವೇರ್ ಚೆನ್ನಾಗಿ ಇಳೀತು, ಕ್ವಾಡ್ರುಪೋಲ್ ಮೊಮೆಂಟ್ ಹತ್ತಿರ ಹತ್ತಿರ ಸೊನ್ನೆ ಬಂತು, ಅಂದ್ರೆ ಸರಾಸರಿಯಲ್ಲಿ ಆಕಾರ ಯಾವ ಕಡೆಗೂ ವಾಲಿಲ್ಲ. ಗ್ರೂಪ್ ಮೀಟಿಂಗ್‌ಗೆ ಸ್ಲೈಡ್ ಕೂಡ ಮಾಡಿಟ್ಟಿದ್ದೆ. ಹಿಂದಿನ ದಿನ ಸಂಜೆ ನಮ್ಮ ಗ್ರೂಪಿನ ಸೀನಿಯರ್ ಒಬ್ರು ಬಂದು ಹಿಂದೆ ನಿಂತು ನೋಡಿದ್ರು, ಅವ್ರು ಕೇಳಿದ್ದು ಒಂದೇ ಪ್ರಶ್ನೆ: "ಎರಡನೇ ಎರಡು ಪ್ಲಸ್ ಲೆವೆಲಿನ ಮ್ಯಾಟ್ರಿಕ್ಸ್ ಎಲಿಮೆಂಟಿಗೆ ಸೈನ್ ತಿರುಗಿಸಿ ನೋಡಿದ್ರಾ?" ಇಲ್ಲ ಮೇಡಂ ಅಂದೆ. "ತಿರುಗಿಸಿ ಮತ್ತೆ ಬಿಡಿ, ಅವಸರ ಏನಿಲ್ಲ" ಅಂದು ಹೋದ್ರು.

ವಿಷಯ ಏನಂದ್ರೆ, ಮೊದಲ ಎರಡು ಪ್ಲಸ್‌ಗೆ ನೇರ ಒಂದು ದಾರಿ, ಎರಡನೇ ಎರಡು ಪ್ಲಸ್ ಮೂಲಕ ಸುತ್ತು ಬಳಸಿ ಇನ್ನೊಂದು ದಾರಿ. ಎರಡು ದಾರಿಯ ಆಂಪ್ಲಿಟ್ಯೂಡ್ ಕೂಡಿದ್ರೆ ಒಂಥರ, ಕಳೆದ್ರೆ ಒಂಥರ. ಒಂದೊಂದೇ ಮ್ಯಾಟ್ರಿಕ್ಸ್ ಎಲಿಮೆಂಟಿನ ಸೈನಿಗೆ ಅರ್ಥ ಇಲ್ಲ, ಅದು ನಾವು ವೇವ್ ಫಂಕ್ಷನ್ನಿಗೆ ಯಾವ ಫೇಸ್ ಇಟ್ವಿ ಅನ್ನೋದರ ಮೇಲೆ ಹೋಗುತ್ತೆ, ಆದ್ರೆ ಸೊನ್ನೆಯಿಂದ ಮೊದಲ ಎರಡಕ್ಕೆ, ಅಲ್ಲಿಂದ ಎರಡನೇ ಎರಡಕ್ಕೆ, ಅಲ್ಲಿಂದ ವಾಪಸ್ ಸೊನ್ನೆಗೆ, ಹೀಗೆ ಒಂದು ಸುತ್ತು ಹಾಕಿ ಮೂರನ್ನೂ ಗುಣಿಸಿದಾಗ ಬರೋ ಸೈನ್ ಪ್ರಕೃತಿದು, ಅದನ್ನ ನಾವು ಆರಿಸೋ ಹಾಗಿಲ್ಲ. ನಾನು ಪ್ಲಸ್ ಅಂತ ಕೂರಿಸಿಬಿಟ್ಟಿದ್ದೆ. ತಪ್ಪು ಸೈನಿನಿಂದ ಬಂದ ಹೆಚ್ಚುಕಮ್ಮಿಯನ್ನ ಫಿಟ್ ಕ್ವಾಡ್ರುಪೋಲ್ ಮೊಮೆಂಟ್ ಮೇಲೆ ಹಾಕಿ ಸರಿದೂಗಿಸ್ಕೊಂಡಿತ್ತು. ಮಿನಿ ತಾನಾಗೇ ಸೈನ್ ದಾಟಿ ಹೋಗಲ್ಲ, ಯಾಕಂದ್ರೆ ಪ್ಲಸ್‌ನಿಂದ ಮೈನಸ್‌ಗೆ ಹೋಗೋಕೆ ಸೊನ್ನೆ ದಾಟ್ಬೇಕು, ಸೊನ್ನೆ ಹತ್ತಿರ ಕೈ-ಸ್ಕ್ವೇರ್ ಗುಡ್ಡದ ಥರ ಎದ್ದಿರುತ್ತೆ, ಅದು ಈಚೆ ಕಣಿವೆಯಲ್ಲೇ ಕೂತ್ಬಿಡುತ್ತೆ. ಆಚೆ ಕಣಿವೆ ಇದೆ ಅಂತ ನೋಡೋದು ನಮ್ಮ ಕೆಲಸ. ಸೈನ್ ತಿರುಗಿಸಿ ಬಿಟ್ಟೆ, ಕೈ-ಸ್ಕ್ವೇರ್ ಇನ್ನೂ ಕೆಳಗೆ ಹೋಯ್ತು, ಕ್ವಾಡ್ರುಪೋಲ್ ಮೊಮೆಂಟ್ ಸೊನ್ನೆ ಬಿಟ್ಟು ದೂರ ಸರೀತು, ನಮ್ಮ ನ್ಯೂಕ್ಲಿಯಸ್ ಉದ್ದಕ್ಕಿತ್ತು. ಒಂದೇ ಡೇಟಾ, ಒಂದೇ ಪ್ರೋಗ್ರಾಮ್, ಒಂದು ಮೈನಸ್ ಚಿಹ್ನೆ. ಆ ರಾತ್ರಿ ಸ್ಲೈಡ್ ಪೂರ್ತಿ ಬದಲಾಯಿಸಿದೆ.

ಇದಾದ ಮೇಲೆ ಓಪಿ ಎರೊ ಬಗ್ಗೆ ನನಗೆ ಗೌರವ ಬಂತು. ಅದು ಎರರ್ ಲೆಕ್ಕ ಹಾಕೋ ಹಂತ, ಎರಡು ಸುತ್ತು ಇರುತ್ತೆ, ಮೊದಲ್ನೇದು ಒಂದೊಂದೇ ಮ್ಯಾಟ್ರಿಕ್ಸ್ ಎಲಿಮೆಂಟ್ ಅಲ್ಲಾಡಿಸಿ ಬರೋ ಎರರ್, ಎರಡನೇದು ಎಲ್ಲವೂ ಒಂದಕ್ಕೊಂದು ಕೈ ಹಿಡ್ಕೊಂಡು ಅಲ್ಲಾಡಿದಾಗ ಬರೋ ಎರರ್. ಪ್ಲಸ್ ಕಡೆ ಒಂದು, ಮೈನಸ್ ಕಡೆ ಇನ್ನೊಂದು, ಎರಡೂ ಸಮ ಇರ್ಬೇಕಾಗಿಲ್ಲ. ಈ ಕೆಲಸ ಮಾಡ್ತಾ ಮಾಡ್ತಾ ಕೆಲವು ಸಲ ಅದು ಮಿನಿಗಿಂತ ಕೆಳಗಿನ ಕೈ-ಸ್ಕ್ವೇರ್ ಕಂಡುಹಿಡಿಯುತ್ತೆ, ಆಗ ಔಟ್‌ಪುಟ್‌ನಲ್ಲಿ ಬೆಟರ್ ಪಾಯಿಂಟ್ ಫೌಂಡ್ ಅಂತ ಒಂದು ಸಾಲು ಬರೀತದೆ. ಆ ಸಾಲು ಕಂಡ್ರೆ ಬೇಜಾರ್ ಮಾಡ್ಕೋಬೇಡಿ, ನಿಮ್ಮ ಉತ್ತರ ಇನ್ನೂ ಮುಗಿದಿಲ್ಲ ಅಂತ ಅದು ಹೇಳ್ತಿದೆ, ಹಿಂದೆ ಹೋಗಿ ಮತ್ತೆ ಮಿನಿ ಮಾಡಿ. ಸುಮಾರು ಫಿಟಿಂಗ್ ಪ್ರೋಗ್ರಾಮ್‌ಗಳು ಮಿನಿಮಮ್ ಸಿಕ್ಕ ತಕ್ಷಣ ಪಕ್ಕದಲ್ಲಿ ಒಂದು ಎರರ್ ಅಂಟಿಸಿ ಕಳಿಸಿಬಿಡ್ತವೆ. ಇದು ಹಾಗೆ ಕಳಿಸಲ್ಲ, ಅದಕ್ಕೇ ಇದನ್ನ ನಾನು ನಂಬೋದು.

ಈ ದಾರಿಯಲ್ಲಿ ಎಂಥ ಫಲಿತಾಂಶ ಬರುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ರೇಡಿಯಂ-224. ಸರ್ನ್‌ನ ಐಸೋಲ್ಡ್‌ನಲ್ಲಿ 1.4 ಜಿಇವಿ ಪ್ರೋಟಾನ್ ಯುರೇನಿಯಂ ಕಾರ್ಬೈಡ್ ಮೇಲೆ ಬಿಟ್ಟು, ಅದರಿಂದ ಹೊರಬಂದ ರೇಡಿಯಂ-224 ಮತ್ತೆ ರೇಡಾನ್-220ನ್ನ ನ್ಯೂಕ್ಲಿಯಾನ್ ಒಂದಕ್ಕೆ 2.8 ಎಂಇವಿವರೆಗೆ ಓಡಿಸಿ, ನಿಕಲ್, ಕ್ಯಾಡ್ಮಿಯಂ, ತವರದ ತೆಳು ಹಾಳೆಗಳ ಮೇಲೆ ಬಿಟ್ರು. ರೇಡಾನ್-220 ಅರ್ಧಾಯುಷ್ಯ ಒಂದು ನಿಮಿಷಕ್ಕಿಂತ ಕಮ್ಮಿ, ರೇಡಿಯಂ-224ಗೆ ಮೂರೂವರೆ ದಿನದ ಮೇಲೆ. ಗಾಮಾ ಹಿಡಿಯೋಕೆ ಮಿನಿಬಾಲ್ ಅನ್ನೋ ಜರ್ಮೇನಿಯಂ ಡಿಟೆಕ್ಟರ್ ಗುಂಪು. 2013ರಲ್ಲಿ ಫಲಿತಾಂಶ ಬಂತು, ರೇಡಿಯಂ-224 ನಿಜಕ್ಕೂ ಪೇರ್ ಹಣ್ಣಿನ ಆಕಾರದಲ್ಲಿದೆ, ರೇಡಾನ್-220 ಆ ಆಕಾರದ ಕಡೆಗೆ ಬರೀ ತೂಗಾಡ್ತಿದೆ. ಇದು ಬೇರೆ ದಾರಿಯಿಂದ ಯಾಕೆ ಕಷ್ಟ ಅಂದ್ರೆ, ಪೇರ್ ಆಕಾರ ಹೇಳೋದು ಇ3 ಮ್ಯಾಟ್ರಿಕ್ಸ್ ಎಲಿಮೆಂಟ್, ಆದ್ರೆ ಸ್ಟೇಟ್ ಕೆಳಗೆ ಇಳಿಯೋವಾಗ ಇ1, ಇ2 ದಾರಿಗಳೇ ಎಲ್ಲವನ್ನೂ ಬಾಚ್ಕೊಂಡು ಹೋಗ್ತವೆ, ಇ3 ಗಾಮಾ ಕಾಣೋದೇ ಇಲ್ಲ ಅನ್ನಬಹುದು. ಮೇಲಕ್ಕೆ ಹತ್ತೋವಾಗ ಮಾತ್ರ ಇ3 ತನ್ನ ಕೆಲಸ ತೋರಿಸುತ್ತೆ. ಇಳಿಯೋದನ್ನ ಮಾತ್ರ ನೋಡೋ ಟೆಕ್ನಿಕ್‌ಗಳಿಗೆ ಸಿಗದೆ ಇರೋದು ಹತ್ತೋದನ್ನ ನೋಡೋ ಕೂಲೆಕ್ಸ್‌ಗೆ ಸಿಕ್ಕಿದ್ದು ಹೀಗೆ. ಈ ಪೇರ್ ಆಕಾರ ಬರೀ ಕುತೂಹಲಕ್ಕಲ್ಲ, ಪರಮಾಣುವಿಗೆ ಎಲೆಕ್ಟ್ರಿಕ್ ಡೈಪೋಲ್ ಮೊಮೆಂಟ್ ಇದೆಯಾ ಅಂತ ಹುಡುಕೋರಿಗೆ ಇಂಥ ನ್ಯೂಕ್ಲಿಯಸ್‌ಗಳೇ ಬೇಕು, ಇದ್ರೆ ಅದರ ಪರಿಣಾಮ ಇವುಗಳಲ್ಲಿ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತೆ. 2016ರಲ್ಲಿ ಅಮೆರಿಕದ ಆರ್ಗಾನ್ ಲ್ಯಾಬಿನಲ್ಲಿ ಬೇರಿಯಂ-144 ಮೇಲೂ ಇದೇ ಥರ ಇ3 ಅಳೆದ್ರು.

ಸಾಕಷ್ಟು ಮ್ಯಾಟ್ರಿಕ್ಸ್ ಎಲಿಮೆಂಟ್ ಸಿಕ್ರೆ ಸಿಗ್ಮಾ ಅಂತ ಇದರ ಜೊತೆಗಿನ ಇನ್ನೊಂದು ಪ್ರೋಗ್ರಾಮ್ ಇದೆ, ಕ್ವಾಡ್ರುಪೋಲ್ ಸಮ್ ರೂಲ್ ಬಳಸಿ ಯಾವ ಮಾಡೆಲೂ ಇಲ್ದೆ ಒಂದೊಂದು ಸ್ಟೇಟಿನ ಆಕಾರ ಎಷ್ಟು ಉಬ್ಬಿದೆ, ಮೂರು ಅಕ್ಷಗಳಲ್ಲಿ ಹೇಗೆ ಹಂಚಿದೆ ಅಂತ ಹೇಳುತ್ತೆ. ನನಗೆ ಅದನ್ನ ಪೂರ್ತಿ ಬಳಸೋವಷ್ಟು ಡೇಟಾ ಇನ್ನೂ ಸಿಕ್ಕಿಲ್ಲ.

ಎಲ್ಲಿ ಇದನ್ನ ಬಳಸಬಾರದು ಅಂತನೂ ಹೇಳ್ಬೇಕು. ಮೇಲೆ ಹೇಳಿದ ಮೆಗ್ನೀಸಿಯಂ-32, ಅದು 1995ರಲ್ಲಿ ಪ್ರಕಟ ಆಗಿದ್ದು, ನ್ಯೂಕ್ಲಿಯಾನ್ ಒಂದಕ್ಕೆ ಸುಮಾರು 50 ಎಂಇವಿ ಬೀಮನ್ನ ಲೆಡ್ ಮೇಲೆ ಬಿಟ್ಟು ಮಾಡಿದ್ದು. ನ್ಯೂಟ್ರಾನ್ 20 ಇದ್ರೆ ನ್ಯೂಕ್ಲಿಯಸ್ ಗಟ್ಟಿ ದುಂಡಗೆ ಇರ್ಬೇಕು ಅನ್ನೋ ಮ್ಯಾಜಿಕ್ ನಂಬರ್ ಪಾಠ ಅಲ್ಲಿ ಮುರಿದುಬಿತ್ತು, ದೊಡ್ಡ ಫಲಿತಾಂಶ. ಆದ್ರೆ ಅಷ್ಟು ವೇಗದಲ್ಲಿ ಐದು ಫೆಮ್ಟೋಮೀಟರ್ ನಿಯಮವನ್ನ ಎನರ್ಜಿ ಕಮ್ಮಿ ಇಟ್ಟು ಕಾಪಾಡೋಕೆ ಆಗಲ್ಲ, ಮುಂದಿನ ಚಿಕ್ಕ ಕೋನಗಳನ್ನ ಮಾತ್ರ ಆರಿಸ್ಕೊಂಡು ದೂರದಿಂದ ಹೋದವನ್ನ ಹಿಡಿಬೇಕು, ಲೆಕ್ಕಕ್ಕೆ ರಿಲೇಟಿವಿಟಿ ಬೇಕು, ವಿಂಟರ್ ಮತ್ತೆ ಆಲ್ಡರ್ 1979ರಲ್ಲಿ ಕೊಟ್ಟ ದಾರಿ ಅದಕ್ಕೆ. ಗೋಸಿಯಾ ಕಮ್ಮಿ ಎನರ್ಜಿಯದ್ದು, ಅಲ್ಲಿ ಅದನ್ನ ಎಳ್ಕೊಂಡು ಹೋಗ್ಬೇಡಿ. ಇನ್ನೂ ಆ ತುದಿಗೆ ಹೋದ್ರೆ ಎಲ್‌ಎಚ್‌ಸಿ ಇದೆ, ಸರ್ನ್ ಲ್ಯಾಬಿನ ದೊಡ್ಡ ಕೊಲೈಡರ್, ಅಲ್ಲಿ ಲೆಡ್ ನ್ಯೂಕ್ಲಿಯಸ್‌ಗಳು ಒಂದನ್ನೊಂದು ಮುಟ್ದೆ ಹಾದುಹೋಗುವಾಗ ಫೀಲ್ಡ್ ಎಷ್ಟು ಜೋರಿರುತ್ತೆ ಅಂದ್ರೆ ಪ್ರೋಟಾನ್ ನ್ಯೂಟ್ರಾನ್‌ಗಳೇ ಕಿತ್ಕೊಂಡು ಬರ್ತವೆ, ಮೂರು ಪ್ರೋಟಾನ್ ಹೋದ್ರೆ 82 ಇದ್ದಿದ್ದು 79, ಅಂದ್ರೆ ಚಿನ್ನ. ಆಲಿಸ್ ಪ್ರಯೋಗದವ್ರು ಅದನ್ನ ಅಳೆದು 2025ರಲ್ಲಿ ಹೇಳಿದ್ರು, 2015ರಿಂದ 2018ರ ಓಟದಲ್ಲಿ ಒಟ್ಟು ಆಗಿದ್ದು ಸುಮಾರು 29 ಪಿಕೋಗ್ರಾಂ. ನಮ್ಮದೇ ಟೆಕ್ನಿಕ್ಕಿನ ದೊಡ್ಡಣ್ಣ ಅದು, ಓದಿದ ದಿನ ಖುಷಿ ಆಗಿ ಎಲ್ಲರಿಗೂ ಹೇಳ್ಕೊಂಡು ಓಡಾಡಿದ್ದೆ.

ಬೇಜಾರಾಗೋ ವಿಷಯಗಳೂ ಇವೆ. ಎರರ್ ಮೆಸೇಜ್ ಬಗ್ಗೆ ಹೇಳ್ದೆ. ಮ್ಯಾನ್ಯುಯಲ್ ನೂರಾರು ಪುಟ, ಒಳ್ಳೇದೇ, ಆದ್ರೆ ಹೊಸಬ್ರು ಯಾವ ಪುಟದಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ, ಫಿಸಿಕ್ಸ್ ಅಧ್ಯಾಯ ಓದಿ ಮುಗಿಸೋದ್ರೊಳಗೆ ಉತ್ಸಾಹ ಹೋಗಿಬಿಡುತ್ತೆ, ನಾನಾದ್ರೆ ಒಂದು ಓಡೋ ಇನ್‌ಪುಟ್ ಯಾರಿಂದಾದ್ರೂ ಇಸ್ಕೊಂಡು ಅದನ್ನ ಮುರಿದು ಮುರಿದು ಕಲೀರಿ ಅಂತೀನಿ. ಗ್ರಾಫ್ ಹಾಕೋ ಸೌಲಭ್ಯ ಇಲ್ಲ, ಎರಡು ಪ್ಯಾರಾಮೀಟರ್ ಒಂದಕ್ಕೊಂದು ಹೇಗೆ ಅಂಟ್ಕೊಂಡಿವೆ ಅಂತ ಕೈ-ಸ್ಕ್ವೇರ್ ನಕ್ಷೆ ನೋಡ್ಬೇಕು ಅಂದ್ರೆ ನೀವೇ ಒಂದು ಸ್ಕ್ರಿಪ್ಟ್ ಬರ್ದು ಒಂದೊಂದು ಬಿಂದುವಿಗೂ ಓಡಿಸ್ಬೇಕು. ಅದನ್ನ ದಯವಿಟ್ಟು ಮಾಡಿ. ಬಿ-ಇ2 ಮತ್ತೆ ಕ್ವಾಡ್ರುಪೋಲ್ ಮೊಮೆಂಟ್ ಮಧ್ಯ ಇರೋ ಆ ಓರೆ ಕಣಿವೆ ಕಣ್ಣಿಗೆ ಬಿದ್ರೇನೇ ಗೊತ್ತಾಗೋದು, ಒಂದು ಲೈಫ್‌ಟೈಮ್ ಡೇಟಾ ಸೇರಿಸಿದ್ರೆ ಆ ಕಣಿವೆ ಹೇಗೆ ಅಡ್ಡಕ್ಕೆ ತುಂಡಾಗುತ್ತೆ ಅಂತ. ರೇಡಿಯೋಆಕ್ಟಿವ್ ಬೀಮ್‌ನಲ್ಲಿ ಒಂದೋ ಎರಡೋ ಗಾಮಾ ಲೈನ್ ಮಾತ್ರ ಸಿಕ್ಕಿದ್ರೆ, ಬೀಮ್ ಎಷ್ಟು ಬಂತು ಅಂತ ಟಾರ್ಗೆಟಿನ ಗೊತ್ತಿರೋ ಗಾಮಾದಿಂದ ತಿಳ್ಕೋಬೇಕು. ಟಾರ್ಗೆಟ್ ನಿಕಲ್-60 ಆದ್ರೆ 1332 ಕೆಇವಿ, ಕೋಬಾಲ್ಟ್ ಸೋರ್ಸ್ ಇಟ್ಟು ಕ್ಯಾಲಿಬ್ರೇಟ್ ಮಾಡಿದವ್ರಿಗೆಲ್ಲ ಪರಿಚಯದ ಲೈನ್. ಆ ಕೆಲಸಕ್ಕೆ ಗೋಸಿಯಾ-2 ಅಂತ ಬೇರೆ ವರ್ಷನ್ ಇದೆ, ಬೀಮಿಗೊಂದು ಟಾರ್ಗೆಟ್ಟಿಗೊಂದು ಎರಡು ಇನ್‌ಪುಟ್ ಒಟ್ಟಿಗೆ ಓಡುತ್ತೆ, ಎರಡನ್ನೂ ಸರಿಯಾಗಿ ಹೊಂದಿಸೋದು ತಾಳ್ಮೆ ಕೇಳುತ್ತೆ.

ಇನ್ನೊಂದು ಕೈಗೆ ಬರೋ ಸಲಹೆ, ಮಿನಿ ಓಡಿದಾಗಲೆಲ್ಲ ಮ್ಯಾಟ್ರಿಕ್ಸ್ ಎಲಿಮೆಂಟ್‌ಗಳ ಫೈಲನ್ನ, ಯೂನಿಟ್ 12ರದ್ದು, ಅದರ ಮೇಲೇ ಮತ್ತೆ ಬರೀತದೆ. ಒಳ್ಳೆ ಮಿನಿಮಮ್ ಸಿಕ್ಕಿದ ತಕ್ಷಣ ಬೇರೆ ಹೆಸರಲ್ಲಿ ಕಾಪಿ ಮಾಡಿ ತಾರೀಖು ಹಾಕಿಟ್ಕೊಳ್ಳಿ, ಜೊತೆಗೆ ಯಾವ ಸೈನ್ ಇಟ್ಟು ಶುರು ಮಾಡಿದ್ರಿ ಅಂತನೂ ಬರ್ಕೊಳ್ಳಿ.

ಮಾರ್ಕ್ಸ್ ಕೇಳಿದ್ರೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಆ ಸೊನ್ನೆಗಳ ಸಾಲಿಗೆ ಮತ್ತೆ ಅರ್ಥವಾಗದ ಮೆಸೇಜಿಗೆ. ಬರೀ ಎರಡು ಲೆವೆಲ್ ಇರೋ ಸುಲಭದ ಕೇಸ್ ಆದ್ರೆ ಕೈಯಲ್ಲೇ ಅಂದಾಜು ಮಾಡಿ ಮೊದ್ಲು ಉತ್ತರ ಎಲ್ಲಿ ಬರ್ಬೇಕು ಅಂತ ತಿಳ್ಕೊಂಡು ಆಮೇಲೆ ಇದಕ್ಕೆ ಬನ್ನಿ, ಲೆವೆಲ್ ಜಾಸ್ತಿ ಇದ್ರೆ ನೇರ ಇದಕ್ಕೇ ಬನ್ನಿ. ನನ್ನ ಹತ್ರ ಈಗ ಹೊಸ ಡೇಟಾ ಇದೆ, ಮೂರು ಸುತ್ತುಗಳ ಸೈನ್ ಗೊತ್ತಿಲ್ಲ, ಅಂದ್ರೆ ಎಂಟು ಸಾಧ್ಯತೆ, ಎಂಟಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ ಬಿಟ್ಟಿದೀನಿ. ಐದರಲ್ಲಿ ಎರೊ ಮುಗೀತು. ಆರನೇದ್ರಲ್ಲಿ ಬೆಟರ್ ಪಾಯಿಂಟ್ ಫೌಂಡ್ ಅಂತ ಬಂದಿದೆ, ಮತ್ತೆ ಮಿನಿಗೆ ಹಾಕಿ ಕೂತಿದೀನಿ.